ಬೆಳಗಾವಿ–ಖಾನಾಪುರ ಪ್ರದೇಶದ ಹಳೆಯ ಮರದ ಪೆಟ್ಟಿಗೆ ಮತ್ತು ಕಪಾಟುಗಳು

ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನ ಹಳೆಯ ಮನೆಗಳಲ್ಲಿ ಬಟ್ಟೆ, ಧಾನ್ಯ, ಹಣ ಹಾಗೂ ಕಾಗದಪತ್ರಗಳನ್ನು ಇಡಲು ಬಳಸುತ್ತಿದ್ದ ಮರದ ಸಾಧನಗಳಲ್ಲಿ ಸಂದೂಕ, ಪೇಟಿ, ಗಲ್ಲಾಪೆಟ್ಟಿಗೆ, ದಫ್ತರದ ಪೆಟ್ಟಿಗೆ ಮತ್ತು ಕಪಾಟುಗಳು ಮುಖ್ಯವಾದವು. ಗೋದ್ರೆಜ್ ಸಂಸ್ಥೆಯು 1923ರಲ್ಲಿ ಉಕ್ಕಿನ ಕಪಾಟುಗಳ ತಯಾರಿಕೆಯನ್ನು ಆರಂಭಿಸಿದ ನಂತರದ ದಶಕಗಳಲ್ಲಿ ಇವುಗಳ ಬಳಕೆ ಕ್ರಮೇಣ ಕಡಿಮೆಯಾಯಿತು. ವಾಡೆಗಳನ್ನು ಕೆಡವುವಾಗ ಬಾಗಿಲು, ಕಂಬ, ತೊಲೆಗಳೊಂದಿಗೆ ಇವೂ ಗುಜರಿ ವ್ಯಾಪಾರಿಗಳ ಕೈಸೇರುತ್ತವೆ.

ಹಿನ್ನೆಲೆ

ಖಾನಾಪುರ ತಾಲ್ಲೂಕಿನ ಪಶ್ಚಿಮ ಭಾಗವು ಸಹ್ಯಾದ್ರಿಯ ದಟ್ಟ ಅರಣ್ಯ ಪ್ರದೇಶವಾಗಿದ್ದು, ಉತ್ತಮ ಮರವು ಸಮೀಪದಲ್ಲಿಯೇ ದೊರೆಯುತ್ತಿತ್ತು. 1880ರ ದಶಕದ ಕೊನೆಯಲ್ಲಿ ಲೋಂಡಾ ಮಾರ್ಗವಾಗಿ ರೈಲು ಸಂಚಾರ ಆರಂಭವಾದ ಮೇಲೆ ಮರದ ಸಾಗಣೆಯೂ ಗೋವೆಯೊಂದಿಗಿನ ಸಂಪರ್ಕವೂ ಸುಲಭವಾದವು. ಬೆಳಗಾವಿ ನಗರದಲ್ಲಿ ಮೂರು ಬಗೆಯ ಬೇಡಿಕೆ ಇತ್ತು. 1818ರಲ್ಲಿ ಕೋಟೆಯು ಬ್ರಿಟಿಷರ ವಶವಾದ ಬಳಿಕ ಬೆಳೆದ ದಂಡು ಪ್ರದೇಶದಲ್ಲಿ ಸೇನಾಧಿಕಾರಿಗಳು ಇದ್ದರು. 1948ರವರೆಗೆ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಶಹಾಪುರದಲ್ಲಿ ಬಟ್ಟೆ ಹಾಗೂ ಚಿನ್ನದ ವರ್ತಕರು ಇದ್ದರು. ಸುತ್ತಲಿನ ಹಳ್ಳಿಗಳಲ್ಲಿ ದೇಸಾಯಿ, ಕುಲಕರ್ಣಿ ಮನೆತನಗಳಿದ್ದವು. ಅಧಿಕಾರಿಗಳು ಬಳಸುತ್ತಿದ್ದ ಪ್ರವಾಸಿ ಪೆಟ್ಟಿಗೆಯು ಮೇಲೊಂದು ಕೆಳಗೊಂದು ಎಂದು ಎರಡು ಭಾಗಗಳಾಗಿ ಬೇರ್ಪಡುತ್ತದೆ. ಅದರ ಮೂಲೆಗಳಿಗೆ ಹಿತ್ತಾಳೆಯ ಪಟ್ಟಿಗಳಿದ್ದು, ಹಿಡಿಕೆಗಳು ಹೊರಚಾಚದೆ ಮರದೊಳಗೆ ಕುಳಿತಿರುತ್ತವೆ. ವರ್ತಕರ ಗಲ್ಲಾಪೆಟ್ಟಿಗೆಯು ಇಳಿಜಾರು ಮುಚ್ಚಳದ ಚಿಕ್ಕ ಪೆಟ್ಟಿಗೆ. ನೆಲದ ಗಾದಿಯ ಮೇಲೆ ಕುಳಿತು ಅದರ ಮೇಲೆಯೇ ಲೆಕ್ಕ ಬರೆಯಬಹುದು.

ಬಳಕೆಯ ಮರಗಳು

ಸಾಗವಾನಿ (ತೇಗ) ಎಲ್ಲಕ್ಕಿಂತ ಸಾಮಾನ್ಯವಾದದ್ದು. ಮುಟ್ಟಿದರೆ ತುಸು ಜಿಡ್ಡೆನಿಸುತ್ತದೆ. ಬೀಟೆಯು ನೇರಳೆ ಛಾಯೆಯ ಕಂದು ಬಣ್ಣದ ಭಾರವಾದ ಮರ. ಅನುಕೂಲಸ್ಥರ ಮನೆಗಳಲ್ಲಿಯೇ ಹೆಚ್ಚು. ಹಲಸು ಹೊಸದರಲ್ಲಿ ಹಳದಿಯಾಗಿದ್ದು ಬೆಳಕು ತಗುಲಿದಂತೆ ಕೆಂಗಂದಾಗುತ್ತದೆ. ಮತ್ತಿ, ಹೊನ್ನೆ, ನಂದಿ ಮರಗಳೂ ಬಳಕೆಯಾಗಿವೆ. ವ್ಯಾಪಾರಿಗಳು ಕಪ್ಪಾದ ಮರವನ್ನೆಲ್ಲ ಬೀಟೆಯೆಂದೇ ಕರೆಯುವುದುಂಟು. ಪೆಟ್ಟಿಗೆಯ ತಳದಲ್ಲಿ, ಬಣ್ಣ ತಾಗದ ಭಾಗವನ್ನು ನೋಡಿದರೆ ನಿಜ ಗೊತ್ತಾಗುತ್ತದೆ.

ಕಾಲನಿರ್ಣಯ

ಕಾಲನಿರ್ಣಯಕ್ಕೆ ಒಂದೇ ಗುರುತನ್ನು ನಂಬುವಂತಿಲ್ಲ. ಕೆತ್ತನೆ ಮತ್ತು ಹಿತ್ತಾಳೆಯ ಅಲಂಕಾರಗಳು ಅತ್ಯಂತ ದುರ್ಬಲ ಸಾಕ್ಷ್ಯಗಳು, ಏಕೆಂದರೆ ಹಳೆಯ ವಿನ್ಯಾಸವನ್ನು ಇಂದಿನ ಬಡಿಗೇರನೂ ಕೆತ್ತಬಲ್ಲ. ಕಣ್ಣಿಗೆ ಬೀಳದ ಹಿಂಬದಿ, ತಳ ಮತ್ತು ಖಾನೆಗಳ ಒಳಮೈಯನ್ನು ಮೊದಲು ಪರೀಕ್ಷಿಸಬೇಕು.

ಕೈಗರಗಸದಿಂದ ಸೀಳಿದ ಹಲಗೆಯಲ್ಲಿ ಗೀರುಗಳು ನೇರವಾಗಿದ್ದರೂ ಅವುಗಳ ಅಂತರ ಒಂದೇ ಸಮನಾಗಿರುವುದಿಲ್ಲ. ಯಂತ್ರದ ದುಂಡುಗರಗಸವು ಬಿಲ್ಲಿನಂತೆ ಬಾಗಿದ ಗೀರುಗಳನ್ನು ಬಿಡುತ್ತದೆ. ಕಮ್ಮಾರನು ಬಡಿದು ಮಾಡಿದ ಮೊಳೆಯು ಚೌಕಾಕಾರವಾಗಿದ್ದು ತಲೆ ಅಂಕುಡೊಂಕಾಗಿರುತ್ತದೆ. ಯಂತ್ರದಲ್ಲಿ ತಯಾರಾದ ದುಂಡು ತಂತಿಮೊಳೆಗಳು ವ್ಯಾಪಕವಾದದ್ದು 19ನೆಯ ಶತಮಾನದ ಕೊನೆಯ ದಶಕಗಳಲ್ಲಿ. ಚೂಪು ತುದಿಯ ಸ್ಕ್ರೂಗಳು ಅದೇ ಶತಮಾನದ ಮಧ್ಯಭಾಗದ ನಂತರದವು. ತಲೆಯ ಮೇಲೆ ಕೂಡುಗೆರೆಯ ಗುರುತುಳ್ಳವು 1930ರ ದಶಕಕ್ಕಿಂತ ಹಿಂದಿನವಾಗಿರಲಾರವು. ಆದರೆ ದುರಸ್ತಿಯ ವೇಳೆ ಮೊಳೆ, ಬಿಜಾಗರಿ, ಬೀಗಗಳು ಬದಲಾಗುತ್ತವೆ. ಆದ್ದರಿಂದ ಹೊಸ ಸ್ಕ್ರೂ ಕಂಡ ಮಾತ್ರಕ್ಕೆ ಪೆಟ್ಟಿಗೆ ಹೊಸದೆನ್ನಲಾಗದು. ಹಳೆಯ ಮೊಳೆ ಕಂಡ ಮಾತ್ರಕ್ಕೆ ಹಳೆಯದೆನ್ನಲೂ ಆಗದು. ಈ ಗೊಂದಲದಲ್ಲಿ ಮೊಳೆಯ ಸುತ್ತಲಿನ ಮರ ನೆರವಾಗುತ್ತದೆ. ಮರದಲ್ಲಿರುವ ಒಗರು ಅಂಶವು ಕಬ್ಬಿಣದೊಂದಿಗೆ ಸೇರಿ ತೇವದಿಂದಾಗಿ ನೀಲಿಗಪ್ಪು ಕಲೆಯಾಗುತ್ತದೆ. ಬಹುಕಾಲದಿಂದ ನೆಲೆಸಿದ ಮೊಳೆಯ ಸುತ್ತ ಈ ಕಲೆ ಮರದೊಳಕ್ಕೂ ಇಳಿದಿರುತ್ತದೆ. ಹಳೆಯ ಮೊಳೆಯನ್ನು ಇತ್ತೀಚೆಗೆ ಹೊಡೆದಿದ್ದರೆ ಸುತ್ತಲಿನ ಮರ ಶುಭ್ರವಾಗಿರುತ್ತದೆ.

ಮರವು ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ, ಉದ್ದಕ್ಕೆ ಬಹುಮಟ್ಟಿಗೆ ಕುಗ್ಗುವುದಿಲ್ಲ. ಆದಕಾರಣ ಹಳೆಯ ಪೆಟ್ಟಿಗೆಯ ತಳದ ಹಲಗೆಗಳ ನಡುವೆ ಸಂದುಗಳು ಮೂಡಿರುತ್ತವೆ. ಸವೆತವೂ ಬಳಕೆಗೆ ತಕ್ಕಂತಿರಬೇಕು: ಕೈ ತಾಗುವ ಮುಚ್ಚಳದ ಅಂಚು, ಖಾನೆ ಜಾರುವ ಪಟ್ಟಿ, ನೆಲ ಮುಟ್ಟುವ ಕಾಲು ಸವೆದಿರುತ್ತವೆ. ಯಾರ ಕೈಯೂ ತಲುಪದ ಕಡೆಯಲ್ಲಿ ಸವೆತ ಕಂಡರೆ ಅದು ಉಜ್ಜುಕಾಗದದ ಕೆಲಸ.

ಬರಹಗಳು ಇನ್ನಷ್ಟು ಹೇಳುತ್ತವೆ. ಬೆಳಗಾವಿ ಭಾಗದ ಲೆಕ್ಕಪತ್ರಗಳಲ್ಲಿ ಮೋಡಿ ಲಿಪಿಯ ಬಳಕೆ ಇದ್ದುದರಿಂದ ಮುಚ್ಚಳದ ಒಳಬದಿಯಲ್ಲಿ ಅಂಥ ಅಕ್ಷರಗಳು ಕಾಣಸಿಗಬಹುದು. ಶಕವರ್ಷ ನಮೂದಾಗಿದ್ದರೆ ಅದಕ್ಕೆ 78 ಕೂಡಿಸಿದಾಗ ಕ್ರಿಸ್ತವರ್ಷ ದೊರೆಯುತ್ತದೆ. ಶಕ 1812 ಎಂದರೆ 1890. ರೂಪಾಯಿ–ಆಣೆ–ಪೈ ಲೆಕ್ಕವು 1957ರ ದಶಮಾಂಶ ನಾಣ್ಯಪದ್ಧತಿಗಿಂತ ಹಿಂದಿನದೆಂದು ಊಹಿಸಬಹುದಾದರೂ, ಜನರು ಆಣೆಯ ಲೆಕ್ಕವನ್ನು ಅಂದೇ ಬಿಟ್ಟುಬಿಡಲಿಲ್ಲವೆಂಬುದನ್ನು ನೆನಪಿಡಬೇಕು. ಒಳಗೆ ಅಂಟಿಸಿದ ಪತ್ರಿಕೆಯ ಹಾಳೆಯು ಅಂಟಿಸಿದ ಕಾಲವನ್ನಷ್ಟೇ ಸೂಚಿಸುತ್ತದೆ, ಅದೂ ಸ್ಥೂಲವಾಗಿ. ರದ್ದಿ ಹಾಳೆಯನ್ನು ಯಾವಾಗ ಬೇಕಾದರೂ ಅಂಟಿಸಬಹುದು.

ಪೆಟ್ಟಿಗೆಯೊಳಗಿನ ಕಾಗದಗಳು

ಮುಂಬಯಿ ಸರ್ಕಾರವು 1950ರ ಕಾಯಿದೆಯ ಮೂಲಕ ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ರದ್ದುಗೊಳಿಸಿತು. ಅದುವರೆಗೆ ಗ್ರಾಮಲೆಕ್ಕವು ವಂಶಪಾರಂಪರ್ಯವಾಗಿ ಕುಲಕರ್ಣಿ ಮನೆತನಗಳ ಕೈಯಲ್ಲಿದ್ದುದರಿಂದ, ರುಮಾಲಿನಲ್ಲಿ ಕಟ್ಟಿದ ಕಾಗದದ ಗಂಟುಗಳು ಹಲವೆಡೆ ಮನೆಯ ಪೆಟ್ಟಿಗೆಗಳಲ್ಲಿಯೇ ಉಳಿದವು. ಪೆಟ್ಟಿಗೆ ಮಾರಾಟವಾಗುವಾಗ ಮೋಡಿ ಓದಲು ಬಾರದ ಇಂದಿನ ತಲೆಮಾರಿನವರು ಅವನ್ನು ರದ್ದಿಗೆ ಹಾಕುವುದು ಅಥವಾ ಒಲೆಗೆ ಒಡ್ಡುವುದು ನಡೆದಿದೆ. ಜಮೀನು, ಕೆರೆ, ಇನಾಮು, ಬೆಲೆ ಮತ್ತು ಬರಗಾಲಗಳ ಸ್ಥಳೀಯ ಮಾಹಿತಿ ಹೀಗೆ ನಾಶವಾದರೆ ಮರಳಿ ದೊರೆಯದು. ಈ ನಷ್ಟದ ಮುಂದೆ ಪೆಟ್ಟಿಗೆಯ ಬೆಲೆ ಏನೂ ಅಲ್ಲ. ಗಂಟುಗಳ ಕ್ರಮವನ್ನು ಕೆಡಿಸದೆ, ಬಿಸಿಲಿಗೆ ಹಾಕದೆ, ಅಂಟುಪಟ್ಟಿ ಹಚ್ಚದೆ ತಿಳಿದವರಿಗೆ ತೋರಿಸುವುದು ಯೋಗ್ಯ. ಧಾರವಾಡದಲ್ಲಿ 1939ರಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನಾ ಸಂಸ್ಥೆಯು ಹಸ್ತಪ್ರತಿಗಳ ಸಂಗ್ರಹವನ್ನು ಹೊಂದಿದೆ.

ಖರೀದಿ

ಹಗಲು ಬೆಳಕಿನಲ್ಲಿ, ಪೆಟ್ಟಿಗೆಯನ್ನು ಬರಿದು ಮಾಡಿಸಿ, ಮಗುಚಿ ನೋಡಿದ ನಂತರವೇ ಬೆಲೆಯ ಮಾತು ಆಡಬೇಕು. ಹಳೆಯ ಬಾಗಿಲು ಮತ್ತು ತೊಲೆಗಳ ಮರದಿಂದ ಹೊಸದಾಗಿ ಜೋಡಿಸಿದ ಪೆಟ್ಟಿಗೆಗಳು ಮಾರುಕಟ್ಟೆಯಲ್ಲಿವೆ. ಮರ ನಿಜವಾಗಿಯೂ ಹಳೆಯದು, ಪೆಟ್ಟಿಗೆ ಮಾತ್ರ ಹೊಸತು. ಸಂಬಂಧವಿಲ್ಲದ ಕಡೆ ಮುಚ್ಚಿದ ತೂತುಗಳು, ಬಿಜಾಗರಿಯ ಹಳೆಯ ಕಚ್ಚುಗಳು ಇದನ್ನು ಬಯಲುಮಾಡುತ್ತವೆ. ಗುಜರಾತಿನ ಗಾಲಿಯುಳ್ಳ ದೊಡ್ಡ ಪಟಾರಾಗಳನ್ನು ಸ್ಥಳೀಯ ವಾಡೆಯದೆಂದು ಮಾರುವುದೂ ಉಂಟು. ತಟ್ಟಿದಾಗ ಹಸಿ ಹಿಟ್ಟಿನಂಥ ತಿಳಿಬಣ್ಣದ ಪುಡಿ ಉದುರಿದರೆ ಮರಕೊರಕ ಹುಳು ಇನ್ನೂ ಜೀವಂತವಿರುವ ಸಂಭವವಿದೆ. ಹುಳುವಿನ ಹಾವಳಿ ಚೇಗಿನ ಭಾಗಕ್ಕಿಂತ ಹೊರವಲಯದ ಬಿಳಿಮರದಲ್ಲಿ ಹೆಚ್ಚು.

ಆರೈಕೆ

ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಯ ಕಡೆ ಮಳೆ ವಿಪರೀತ. ಬೈಲಹೊಂಗಲ, ಗೋಕಾಕಗಳ ಕಡೆ ಒಣಹವೆ. ಖಾನಾಪುರದ ತೇವದಲ್ಲಿದ್ದ ಕಪಾಟನ್ನು ಬೇಸಿಗೆಯಲ್ಲಿ ಅಲ್ಲಿಗೆ ಒಯ್ದರೆ ಹಲಗೆ ಸೀಳುವ ಭಯವಿದೆ. ಮಳೆಗಾಲ ಮುಗಿದ ಮೇಲೆ ಸಾಗಿಸಿ, ಕೆಲವು ವಾರ ನೆರಳಿನಲ್ಲಿ ಇಡುವುದು ಸೂಕ್ತ. ಪೆಟ್ಟಿಗೆಯನ್ನು ಕಲ್ಲಿನ ದಿಮ್ಮಿಗಳ ಮೇಲೆ, ಗೋಡೆಯಿಂದ ನಾಲ್ಕು ಬೆರಳು ದೂರದಲ್ಲಿ ಇರಿಸಿದರೆ ಗಾಳಿಯಾಡುತ್ತದೆ, ಗೆದ್ದಲಿನ ಮಣ್ಣುಗೆರೆಯೂ ಬೇಗನೆ ಕಣ್ಣಿಗೆ ಬೀಳುತ್ತದೆ.

ಧೂಳನ್ನು ಒಣ ಮೆದುಬಟ್ಟೆಯಿಂದ ಒರೆಸಬೇಕು. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆಗಳು ಒಣಗದೆ ಅಂಟಾಗಿ ಧೂಳು ಹಿಡಿಯುತ್ತವೆ. ಜೇನುಮೇಣವನ್ನು ತೆಳುವಾಗಿ ಹಚ್ಚಿ ಉಜ್ಜುವುದು ಸಾಕಾಗುತ್ತದೆ. ಹಿತ್ತಾಳೆಯನ್ನು ಹುಣಸೆಹುಳಿಯಿಂದ ತಿಕ್ಕುವ ಮನೆಯ ರೂಢಿ ಇಲ್ಲಿ ಸಲ್ಲದು, ಹುಳಿಯು ಮರಕ್ಕೆ ಇಳಿದು ಕಲೆಯಾಗುತ್ತದೆ. ಹೊಳಪಿನ ಆಸೆಗೆ ಉಜ್ಜುಗೊರಡು ಹಾಕಿಸಿ ಮೆಲಮೈನ್ ಪಾಲಿಶ್ ಮಾಡಿಸುವುದು ಎಲ್ಲಕ್ಕಿಂತ ದೊಡ್ಡ ಅನಾಹುತ. ಒಂದು ಮಧ್ಯಾಹ್ನದ ಆ ಕೆಲಸದಲ್ಲಿ ಗರಗಸದ ಗೀರು, ಬರಹ, ಕೈಸವೆತಗಳೆಲ್ಲ ಹೋಗುತ್ತವೆ.

ಕಾನೂನು

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯು 1976ರ ಏಪ್ರಿಲ್ 5ರಂದು ಜಾರಿಗೆ ಬಂದಿತು. ಅದರ ಪ್ರಕಾರ ನೂರು ವರ್ಷಕ್ಕೂ ಹಳೆಯದಾದ ಕಲಾತ್ಮಕ ಅಥವಾ ಐತಿಹಾಸಿಕ ವಸ್ತುವನ್ನು ಖಾಸಗಿ ವ್ಯಕ್ತಿಗಳು ವಿದೇಶಕ್ಕೆ ರಫ್ತು ಮಾಡುವಂತಿಲ್ಲ. ಅಂಥ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಅಜ್ಜಿಯ ಸಂದೂಕವನ್ನು ಪರದೇಶದ ಮನೆಗೆ ಒಯ್ಯಬಯಸುವವರು ಅದು ಪ್ರಾಚ್ಯವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆಯಬಹುದು. ಬೀಟೆಯ ವಸ್ತುವಾದರೆ ಸೈಟಿಸ್ ಒಪ್ಪಂದದ ನಿಯಮಗಳೂ ಅನ್ವಯಿಸುತ್ತವೆ; ಬೀಟೆ ಸೇರಿದ ಡಾಲ್ಬರ್ಜಿಯಾ ಕುಲವನ್ನು 2017ರ ಜನವರಿಯಿಂದ ಅದರ ಎರಡನೆಯ ಅನುಬಂಧದಲ್ಲಿ ಸೇರಿಸಲಾಗಿದೆ.