ಸ್ವಾಮಿಮಲೆಯ ಬಿಳಿಮಣ್ಣು, ಸಂಡೂರಿನ ಕೆಂದೂಳು

ಬಳ್ಳಾರಿಯ ಎರೆಹೊಲಗಳನ್ನೂ ಬೋಳುಬಂಡೆಗಳನ್ನೂ ಹಾದು ಬಂದ ಪ್ರಯಾಣಿಕನು, ಎರಡು ಗುಡ್ಡಸಾಲುಗಳು ದೋಣಿಯ ಎರಡು ಮಗ್ಗುಲುಗಳಂತೆ ಎದುರುಬದುರಾಗಿ ನಿಂತಿರುವ ನಮ್ಮ ಸಂಡೂರಿನ ಕಣಿವೆಯನ್ನು ಮಳೆಗಾಲ ಹದವಾಗಿ ಹಿಡಿದಿರುವ ದಿನಗಳಲ್ಲಿ ಹೊಕ್ಕನಾದರೆ, ತಾನಿನ್ನೂ ಅದೇ ಜಿಲ್ಲೆಯಲ್ಲಿರುವೆನೋ ಅಥವಾ ದಾರಿತಪ್ಪಿ ಮಲೆನಾಡಿನ ಯಾವುದೋ ಮೂಲೆಗೆ ಬಂದುಬಿಟ್ಟೆನೋ ಎಂದು ಕ್ಷಣಕಾಲ ವಿಭ್ರಾಂತನಾಗುವುದು ಸಹಜ. ನಾರಿಹಳ್ಳವು ಬೆಟ್ಟವನ್ನು ಸೀಳಿಕೊಂಡು ಹರಿದಿರುವ ಕಂದರಗಳಿಗೆ ಭೀಮಗಂಡಿ, ಓಬಳಗಂಡಿ ಎಂದು ಹೆಸರು. 1934ರಲ್ಲಿ ಹರಿಜನ ಪ್ರವಾಸದ ಸಂದರ್ಭದಲ್ಲಿ ಇಲ್ಲಿಗೆ ಬಂದಿದ್ದ ಗಾಂಧೀಜಿಯವರು ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದು ಹೇಳಿದರೆಂಬುದು ಊರಿನ ನಂಬಿಕೆ. ಶಾಲೆಯ ಮಕ್ಕಳೂ ಅದನ್ನು ಹೆಮ್ಮೆಯಿಂದ ಹೇಳುವರು.

ಸರ್ಕಾರದ ಗ್ರಂಥಗಳಲ್ಲಿರುವ ಲೆಕ್ಕವನ್ನು ಸಂಕ್ಷೇಪವಾಗಿ ಮುಗಿಸಿಬಿಡುವೆನು. ಸಂಡೂರು ಮರಾಠರ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಾಗಿತ್ತು; ಅದರ ವಿಸ್ತೀರ್ಣ ಸುಮಾರು 160 ಚದರ ಮೈಲಿ. 1901ರ ಜನಗಣತಿಯಲ್ಲಿ ಜನಸಂಖ್ಯೆ 11,000ಕ್ಕೆ ತುಸು ಮೇಲೆ. 1949ರಲ್ಲಿ ಮದರಾಸು ಪ್ರಾಂತ್ಯದಲ್ಲಿಯೂ, 1953ರಲ್ಲಿ ಮೈಸೂರು ರಾಜ್ಯದಲ್ಲಿಯೂ ವಿಲೀನ.

ನನ್ನ ಮನಸ್ಸು ನಿಲ್ಲುವುದು ಊರಿನಿಂದ ಹತ್ತು ಹನ್ನೆರಡು ಕಿಲೋಮೀಟರು ದೂರದ ಸ್ವಾಮಿಮಲೆಯಲ್ಲಿ. ಕಾಡಿನ ನಡುವೆ ಕುಮಾರಸ್ವಾಮಿಯ ಗುಡಿ, ಅದರ ಮಗ್ಗುಲಲ್ಲಿಯೇ ತಾಯಿ ಪಾರ್ವತಿಯ ಗುಡಿ. ತಾಯಿಯ ಮೇಲೆ ಮುನಿದು ಕೈಲಾಸವನ್ನು ತೊರೆದ ಮಗನು ಈ ಕ್ರೌಂಚಗಿರಿಗೆ ಬಂದು ನಿಂತನೆಂದೂ, ಒಲಿಸಿ ಕರೆದೊಯ್ಯಲು ಬಂದ ಪಾರ್ವತಿಯ ಎದುರಿನಲ್ಲಿ ತಾನು ಕುಡಿದಿದ್ದ ಮೊಲೆಹಾಲನ್ನು ಕಾರಿ ಋಣವನ್ನು ಹರಿದುಕೊಂಡನೆಂದೂ, ಆ ಹಾಲು ನೆಲಕ್ಕಿಳಿದು ಬಿಳಿಯ ಮಣ್ಣಾಯಿತೆಂದೂ ನಮ್ಮ ಕಡೆಯ ಕಥೆ. ಆ ಮಣ್ಣೇ ಸ್ವಾಮಿಯ ವಿಭೂತಿ. ಸುತ್ತಲಿನ ನೆಲವೆಲ್ಲ ಕುಂಕುಮದಂತೆ ಕೆಂಪಾಗಿರುವಲ್ಲಿ ಹೀಗೆ ಶುಭ್ರವಾದ ಮಣ್ಣು ಕಾಣಿಸಿಕೊಂಡುದನ್ನು ನೋಡಿದ ಪೂರ್ವಿಕರಿಗೆ ಹಾಲಿನ ನೆನಪಾದುದರಲ್ಲಿ ಆಶ್ಚರ್ಯವಿಲ್ಲ. ಸಂಪ್ರದಾಯದಂತೆ ಹೆಂಗಸರಿಗೆ ಕುಮಾರಸ್ವಾಮಿಯ ದರ್ಶನವಿಲ್ಲ. 1932ರಲ್ಲಿಯೇ ಹರಿಜನರಿಗೆ ಈ ಗುಡಿಯ ಬಾಗಿಲನ್ನು ತೆರೆಸಿದ ಸಂಸ್ಥಾನವು ಇನ್ನೊಂದು ಹೆಜ್ಜೆ ಮುಂದಿಡಲಿಲ್ಲವಲ್ಲಾ ಎಂಬ ಕೊರಗು ನನಗುಂಟು.

ಗುಡಿಗಳ ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಪಾರ್ವತಿಯ ಗುಡಿಯನ್ನು ಕೆಲವರು ಬಾದಾಮಿ ಚಾಲುಕ್ಯರ ಕಡೆಗಾಲಕ್ಕೆ ಒಯ್ಯುವರು. ಕೆಲವರು ರಾಷ್ಟ್ರಕೂಟರ ಕಾಲಕ್ಕೆ ಇಳಿಸುವರು. ಬಳ್ಳಾರಿಯ ಬಳಿಯ ಕೊಳಗಲ್ಲಿನಲ್ಲಿ ರಾಷ್ಟ್ರಕೂಟ ಖೊಟ್ಟಿಗನ ಕಾಲದ, ಶಕವರ್ಷ 889ರ ಶಾಸನವೊಂದಿದೆ. ಗೌಡದೇಶದಿಂದ, ಎಂದರೆ ಬಂಗಾಳದಿಂದ, ಬಂದ ಗದಾಧರನೆಂಬ ತಪಸ್ವಿಯು ಕಾರ್ತಿಕೇಯನ ಪ್ರತಿಮೆಯನ್ನು ಸ್ಥಾಪಿಸಿದ ಸಂಗತಿ ಅದರಲ್ಲಿ ಬರುವುದು. ಇದನ್ನು ಹಿಡಿದು, ನಮ್ಮ ಸೀಮೆಯ ಕಾರ್ತಿಕೇಯಾರಾಧನೆಗೆ ಆ ಬಂಗಾಳದ ಯತಿಯೇ ಮೂಲಪುರುಷನೆಂದು ವಾದಿಸುವವರುಂಟು. ನಾನು ಒಪ್ಪಲಾರೆನು. ಅಷ್ಟು ದೂರದ ತಪಸ್ವಿಯು ಹಂಬಲಿಸಿ ಈ ಬಿಸಿಲುಸೀಮೆಗೆ ಬರಬೇಕಾದರೆ ಸ್ವಾಮಿಮಲೆಯ ಕೀರ್ತಿ ಅದಕ್ಕೆ ಮೊದಲೇ ಉತ್ತರದವರೆಗೆ ಹಬ್ಬಿದ್ದಿರಬೇಕು. ದೇವರು ಮೊದಲು ಬಂದನು, ಯತಿ ಆಮೇಲೆ ಬಂದನು ಎಂಬುದೇ ನನ್ನ ಪಕ್ಷ.

ಗುಡ್ಡದಲ್ಲಿ ಕಬ್ಬಿಣವಿರುವುದು ಹೊಸ ಸುದ್ದಿಯಲ್ಲ. ಕಾಡಿನ ಇದ್ದಿಲು ಸುಟ್ಟು ಅದಿರು ಕರಗಿಸುತ್ತಿದ್ದ ಕುಲುಮೆಗಳು ಹಿಂದೆ ಇದ್ದವು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟರು 19ನೆಯ ಶತಮಾನದಲ್ಲಿಯೇ ಈ ನಿಕ್ಷೇಪವನ್ನು ವರ್ಣಿಸಿರುವರು. ಆಮೇಲೆ ಬೆಲ್ಜಿಯಂ ಮೂಲದ ಕಂಪನಿಯೊಂದು ಮ್ಯಾಂಗನೀಸನ್ನು ಅಗೆಯಿತು. 1977ರಲ್ಲಿ ದೋಣಿಮಲೆಯ ಗಣಿ ಆರಂಭವಾಯಿತು. 1971ರಲ್ಲಿ ಶ್ರೀಮತಿ ಇಂದಿರಾ ಗಾಂಧಿಯವರು ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಶಂಕುಸ್ಥಾಪನೆ ಮಾಡಿದಾಗ ನಮ್ಮ ಹುಡುಗರು ಸರ್ಕಾರಿ ನೌಕರಿಯ ಕನಸು ಕಂಡರು. ಆ ಸರ್ಕಾರಿ ಕಾರ್ಖಾನೆ ಏಳಲೇ ಇಲ್ಲ; 1990ರ ದಶಕದಲ್ಲಿ ಖಾಸಗಿ ಕಾರ್ಖಾನೆ ಎದ್ದಿತು. ಕಬ್ಬಿಣ ಕರಗಿಸುವ ಕುಲುಮೆಗೆ ಕಲ್ಲಿದ್ದಲನ್ನು ಗಾಳಿಯಾಡದಂತೆ ಬೇಯಿಸಿ ಮಾಡಿದ ಕೋಕ್ ಬೇಕು. ನಮ್ಮ ಬೆಟ್ಟದಲ್ಲಿ ಕಲ್ಲಿದ್ದಲಿಲ್ಲವಾದುದರಿಂದ, ಅದು ಸಮುದ್ರದಾಚೆಯಿಂದ ಹಡಗಿನಲ್ಲಿ ಬಂದು, ಗೋವೆಯ ಮುರಗಾಂವ್ ಮುಂತಾದ ಬಂದರುಗಳಲ್ಲಿ ಇಳಿದು, ರೈಲೇರಿ ಘಟ್ಟ ಹತ್ತಿ ತೋರಣಗಲ್ಲಿಗೆ ಬರುವುದು. ಮುರಗಾಂವಿನ ಮನೆಗಳವರು ತಮ್ಮ ಕಿಟಕಿಯ ಮೇಲಿನ ಕಪ್ಪು ಮಸಿಯನ್ನು ತೋರಿಸಿ ದೂರುತ್ತಿರುವುದನ್ನು ಓದಿದಾಗ, ಅವರ ಕಪ್ಪು, ನಮ್ಮ ಕೆಂಪು, ಎರಡೂ ಒಂದೇ ಒಲೆಯ ಬಾಯಿಗೆ ಹೋಗುವ ದಾರಿಯಲ್ಲಿ ಉದುರಿದುವೆಂದು ಅವರ ಮೇಲೆ ಬಾಂಧವ್ಯ ಹುಟ್ಟಿತು.

2003ರ ಈಚೆಗೆ ಚೀನದಲ್ಲಿ ಉಕ್ಕಿಗೆ ಬೇಡಿಕೆ ಏರಿ ಅದಿರಿನ ಬೆಲೆ ಗಗನಕ್ಕೇರಿತು. ರೈತರು ಹೊಲಗಳನ್ನು ಅದಿರಿನ ರಾಶಿ ಹಾಕಲು ಬಾಡಿಗೆಗೆ ಕೊಟ್ಟರು; ಎತ್ತು ಮಾರಿ, ಸಾಲ ಮಾಡಿ ಲಾರಿ ಕೊಂಡರು. ಹೊಟ್ಟೆಗೆ ಹಿಟ್ಟು ಬಂದುದನ್ನು ನಾನು ಮರೆಮಾಚುವುದಿಲ್ಲ. ಹೊಸ ಮನೆಗಳು ಎದ್ದುವು, ಮದುವೆಗಳು ಅದ್ದೂರಿಯಾದುವು. ಆದರೆ ಹಗಲಿರುಳು ಲಾರಿಗಳ ಸಾಲು. ಬೆಳಿಗ್ಗೆ ಒಗೆದು ಹರಡಿದ ಬಿಳಿಯ ಪಂಚೆ ಸಂಜೆಗೆ ಸಂನ್ಯಾಸಿಯ ಕಾವಿಯಾಗುತ್ತಿತ್ತು. ರಸ್ತೆಬದಿಯ ಹುಣಸೆಮರದ ಎಲೆಯನ್ನು ಬೆರಳಿನಿಂದ ಒರಸಿದರೆ ಮಾತ್ರ ಹಸುರು ಕಾಣುತ್ತಿತ್ತು. ಜೋಳದ ಸೊಪ್ಪೆಯನ್ನು ಮುಂದೆ ಹಾಕಿದರೆ ನಮ್ಮ ಮನೆಯ ಹಸು ಒಮ್ಮೆ ಮೂಸಿ, ಫೂತ್ಕರಿಸಿ, ಮುಖ ತಿರುಗಿಸಿ ನಿಲ್ಲುತ್ತಿತ್ತು. ನನ್ನ ಹೆಂಡತಿ ಸೊಪ್ಪೆಯನ್ನು ಕೊಡದ ನೀರಿನಲ್ಲಿ ತೊಳೆದು ಹಾಕುವಳು. ಮಳೆ ಬಿದ್ದರೆ ಗಣಿಯ ಸಡಿಲಮಣ್ಣೆಲ್ಲ ನಾರಿಹಳ್ಳಕ್ಕೆ ಇಳಿದು, ಹಳ್ಳವು ರಕ್ತದಂತೆ ದರೋಜಿಯ ಕೆರೆಯತ್ತ ಹರಿಯುವುದು. ಆ ಕೆರೆಯ ಒಡಲಿನಲ್ಲಿ ನಮ್ಮ ಬೆಟ್ಟವೇ ಹೂಳಾಗಿ ಕುಳಿತಿದೆ.

ಮುಂದಿನದನ್ನು ಎಲ್ಲರೂ ಬಲ್ಲರು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯನ್ನು ಕುರಿತ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ. ಅದೇ ತಿಂಗಳು 29ರಂದು ಸರ್ವೋಚ್ಚ ನ್ಯಾಯಾಲಯವು ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪು ಅತಿ ಹೆಚ್ಚು ಅಕ್ರಮ ನಡೆದಿದ್ದ ಗುತ್ತಿಗೆಗಳನ್ನು ರದ್ದುಮಾಡಿತು. ಜಿಲ್ಲೆಗೆ ವರ್ಷಕ್ಕೆ 2.5 ಕೋಟಿ ಟನ್ ಎಂದು ಮೊದಲು ಹಾಕಿದ್ದ ಮಿತಿಯು ಹಂತಹಂತವಾಗಿ ಏರಿ 2022ರಲ್ಲಿ 3.5 ಕೋಟಿಯಾಯಿತು. ನಿಷೇಧದ ದಿನಗಳಲ್ಲಿ ಲಾರಿಗಳ ಚಕ್ರದ ಸಂದಿನಲ್ಲಿ ಹುಲ್ಲು ಬೆಳೆದುದನ್ನೂ, ಕಂತು ಕಟ್ಟಲಾರದೆ ತಲೆತಪ್ಪಿಸಿಕೊಂಡವರನ್ನೂ ಕಂಡಿದ್ದೇನೆ. ಹೊಲಕ್ಕೆ ಹಿಂದಿರುಗೋಣವೆಂದರೆ ಎತ್ತುಗಳಿರಲಿಲ್ಲ. ಹೊಲದ ಮೇಲ್ಮಣ್ಣು ಅದಿರಿನ ರಾಶಿಯ ಕೆಳಗೆ ಕಲ್ಲಾಗಿತ್ತು. ಗಣಿಯಲ್ಲಿ ಅದಿರು ಕುಟ್ಟುತ್ತಿದ್ದ ಹೆಂಗಸರ ಕೂಲಿಯ ಪ್ರಶ್ನೆಯನ್ನಂತೂ ಎತ್ತಿದವರು ವಿರಳ. ಲಂಬಾಣಿ ಹೆಂಗಸರ ಕಸೂತಿಯೂ ಸಂಡೂರಿನ ಹೆಸರನ್ನು ಹೊರಗೆ ಒಯ್ದಿತು.

ಕುಮಾರಸ್ವಾಮಿಯ ಗುಡಿಯಿಂದ ಎಷ್ಟು ದೂರದಲ್ಲಿ ಗಣಿ ನಿಲ್ಲಬೇಕೆಂಬುದು ಬಹುಕಾಲದ ವಿವಾದ. ಆಂಧ್ರದ ಗಡಿಯಲ್ಲಿದ್ದ ಸುಗ್ಗಲಮ್ಮನ ಗುಡಿಯು 2006ರಲ್ಲಿ ಸ್ಫೋಟಕ್ಕೆ ನೆಲಸಮವಾದುದನ್ನು ಬಲ್ಲ ನಮಗೆ ಈ ಅಳತೆ ಕೇವಲ ಕಾಗದದ ಮಾತಲ್ಲ. ನಮ್ಮ ಅಜ್ಜಿ ಕೃತ್ತಿಕಾ ನಕ್ಷತ್ರ ಕೂಡಿದ ಕಾರ್ತಿಕ ಹುಣ್ಣಿಮೆಯ ಜಾತ್ರೆಗೆ ಬೆಟ್ಟ ಹತ್ತುವಳು. ಪಾರ್ವತಿಯ ಗುಡಿಯಲ್ಲಿ ಕುಳಿತು, ಗಂಡಸರು ಒಳಗಿಂದ ತಂದ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು, ಬರುವಾಗ ಬಿಳಿಮಣ್ಣಿನ ಹೆಂಟೆಯೊಂದನ್ನು ಸೆರಗಿನ ತುದಿಗೆ ಕಟ್ಟಿ ತರುವಳು. ಮಕ್ಕಳಿಗೆ ಜ್ವರ ಬಂದರೆ ಅದನ್ನೇ ತೇದು ಹಣೆಗೆ ಹಚ್ಚುವಳು. ಆಕೆ ಕುಮಾರಸ್ವಾಮಿಯನ್ನು ಕಂಡದ್ದು ಆ ಮಣ್ಣಿನಲ್ಲಿಯೇ ಹೊರತು ಗರ್ಭಗುಡಿಯಲ್ಲಲ್ಲ. ಆದಕಾರಣ ಅಳತೆಗೆ ಬರುವ ಅಧಿಕಾರಿಗಳನ್ನು ನಾನು ಬೇಡುವುದಿಷ್ಟೆ: ಸರಪಳಿಯನ್ನು ಗುಡಿಯ ಗೋಡೆಯಿಂದ ಎಳೆಯಬೇಡಿರಿ, ವಿಭೂತಿ ಅಗೆಯುವ ತಗ್ಗಿನಿಂದ, ಹರಿಶಂಕರ ತೀರ್ಥದಿಂದ, ಹೆಂಗಸರು ಬುತ್ತಿ ಬಿಚ್ಚಿ ಕುಳಿತುಕೊಳ್ಳುವ ಆ ಮರಗಳ ನೆರಳಿನಿಂದ ಅಳೆಯಿರಿ.