ಹಂಚಿಕೆಯ ಫೈಲ್ ಸಿಸ್ಟಂಗಳು

ಪೆನ್ ಡ್ರೈವ್ ಇಲ್ಲವೇ ಹಾರ್ಡ್ ಡಿಸ್ಕ್‌ನಲ್ಲಿರುವ ಕಡತಗಳ ಹೆಸರು, ಗಾತ್ರ, ಜಾಗಗಳ ಲೆಕ್ಕ ಇಡುವ ಏರ್ಪಾಡೇ ಫೈಲ್ ಸಿಸ್ಟಂ. ವಿಂಡೋಸ್, ಮ್ಯಾಕ್, ಲಿನಕ್ಸ್ ತಂತಮ್ಮದನ್ನು ಬೆಳೆಸಿಕೊಂಡವು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ತೆರೆಯಬೇಕಾದರೆ ಯಾವುದನ್ನು ಆರಿಸುವುದೆಂಬ ಪ್ರಶ್ನೆ ಹುಟ್ಟಿದ್ದು ಹೀಗೆ.

ಬಹುಕಾಲ ಇದಕ್ಕೆ ಉತ್ತರ ಫ್ಯಾಟ್. 1977ರಲ್ಲಿ ಮೈಕ್ರೋಸಾಫ್ಟ್‌ನಲ್ಲಿ ಫ್ಲಾಪಿಗಾಗಿ ರೂಪುಗೊಂಡ ಇದು ತನ್ನ ಸರಳತೆಯಿಂದಲೇ ಎಲ್ಲೆಡೆ ಸಂದಿತು. 1996ರ ಫ್ಯಾಟ್32ರಲ್ಲಿ ಒಂದು ಕಡತ 4 ಜಿಬಿ ಮುಟ್ಟುವಂತಿಲ್ಲ. ಡ್ರೈವ್ ಅರ್ಧ ಖಾಲಿಯಿದ್ದರೂ ಮದುವೆಯ ಉದ್ದ ವಿಡಿಯೊ ಅದರೊಳಗೆ ಇಳಿಯದು. ವಿಂಡೋಸ್‌ನ ಎನ್‌ಟಿಎಫ್‌ಎಸ್‌ಗೆ ಈ ಮಿತಿಯಿಲ್ಲ. ಆದರೆ ಮ್ಯಾಕ್ ಅದನ್ನು ಓದುತ್ತದೆ, ತಾನಾಗಿ ಬರೆಯುವುದಿಲ್ಲ. ಈ ಎರಡೂ ತೊಡಕಿಲ್ಲದ 2006ರ ಎಕ್ಸ್‌ಫ್ಯಾಟ್‌ನ ವಿವರಗಳನ್ನು ಮೈಕ್ರೋಸಾಫ್ಟ್ ಪ್ರಕಟಿಸಿದ್ದು 2019ರಲ್ಲಿ. ಅದೇ ವರ್ಷ ಲಿನಕ್ಸ್ 5.4 ಅದನ್ನು ಒಳಗೊಂಡಿತು. ಈಗ ಸಾಮಾನ್ಯ ಬಳಕೆಗೆ ಇದೇ ಸಲೀಸು. ಆದರೆ ಇದರಲ್ಲಿ ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಇಲ್ಲ, ಬರೆಯುತ್ತಿರುವಾಗಲೇ ಡ್ರೈವ್ ಕಿತ್ತರೆ ಕಡತ ಕೆಡಬಹುದು.

ಕನ್ನಡಿಗರಿಗೆ ಈ ಆಯ್ಕೆ ಎದುರಾಗುವ ಸಹಜ ತಾಣ ಕೇರಳದ ಕಾಸರಗೋಡು. ಆ ರಾಜ್ಯದ ಐಟಿ ಅಟ್ ಸ್ಕೂಲ್ ಯೋಜನೆ (2001, ಈಗ ಕೈಟ್) ಶಾಲೆಗಳಿಗೆ ಗ್ನೂ/ಲಿನಕ್ಸ್ ತಂದಿತು, ಕನ್ನಡ ಮಾಧ್ಯಮಕ್ಕೂ. ಶಾಲೆಯ ಕಡತ ಮುದ್ರಣಕ್ಕೆ ಹೋಗುವ ಡಿಟಿಪಿ ಅಂಗಡಿಗಳಲ್ಲೋ ಹೆಚ್ಚಾಗಿ ವಿಂಡೋಸ್.

ಕನ್ನಡದ ನಿಜವಾದ ತೊಡಕು ಕಡತದ ಹೆಸರಿನದು. ಹಳೆಯ ಫ್ಯಾಟ್‌ನಲ್ಲಿ ಎಂಟು ಅಕ್ಷರದ ಹೆಸರು, ಮೂರಕ್ಷರದ ಬಾಲ, ಅಷ್ಟೇ. ಯುನಿಕೋಡ್‌ನ ಉದ್ದ ಹೆಸರು 1995ರಲ್ಲಿ ಬಂತು. ಎನ್‌ಟಿಎಫ್‌ಎಸ್ ಮತ್ತು ಎಕ್ಸ್‌ಫ್ಯಾಟ್‌ಗಳಲ್ಲಿ 255 ಕನ್ನಡ ಸಂಕೇತಗಳಿಗೆ ಜಾಗವಿದೆ. ಲಿನಕ್ಸ್‌ನ ಎಕ್ಸ್‌ಟಿ4 ಲೆಕ್ಕ ಹಾಕುವುದು 255 ಬೈಟ್; ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಹೋಗುವುದರಿಂದ 85ಕ್ಕೇ ಮುಗಿಯಿತು. ಒತ್ತು, ಗುಣಿತಗಳೂ ಇದರಲ್ಲೇ ಸೇರಬೇಕು.

ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ (1998) ಇನ್ನೊಂದು ಪೇಚು ಒಡ್ಡಿತು. ಅದು ಹೆಸರನ್ನು ಬಿಡಿಸಿ ಇಡುತ್ತದೆ. ‘ಗೋಕಾಕ’ದಲ್ಲಿ ಒಂದೇ ಸಂಕೇತವಾಗಿದ್ದ ಓಕಾರ ಮೂರಾಗುತ್ತದೆ, ‘ಹುಕ್ಕೇರಿ’ಯ ಏಕಾರ ಎರಡಾಗುತ್ತದೆ, ‘ನಾಗನೂರ’, ‘ಮೂಡಲಗಿ’ಗಳಿಗೆ ಏನೂ ಆಗದು. ಹೀಗೆ ಬಿಡಿಸಿದ ಹೆಸರು ಜಿಪ್‌ನೊಳಗೆ ಸೇರಿ ಲಿನಕ್ಸ್‌ಗೆ ಬಂದರೆ, ಬೈಟ್ ನೋಡಿ ಹೋಲಿಸುವ ಎಕ್ಸ್‌ಟಿ4ಗೆ ಅದು ಬೇರೆಯೇ ಕಡತ. ಒಂದೇ ಫೋಲ್ಡರಿನಲ್ಲಿ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ‘ಗೋಕಾಕ’! 2017ರಲ್ಲಿ ಆ್ಯಪಲ್ ತಂದ ಎಪಿಎಫ್‌ಎಸ್ ಕೊಟ್ಟ ರೂಪವನ್ನೇ ಉಳಿಸಿಕೊಳ್ಳುತ್ತದೆ. ಹಳೆಯ ಡಿಸ್ಕ್‌ನಿಂದ ಬಂದ ಕಡತಗಳಲ್ಲಿ ಬಿಡಿಸಿದ ಹೆಸರು ಹಾಗೆಯೇ ಉಳಿದಿರಬಹುದು.