ಒಂದು ಯಂತ್ರ, ನೂರು ಬಾಡಿಗೆದಾರರು

ಹಿಟ್ಟು ಬೇಕಾದವರೆಲ್ಲ ಮನೆಯಲ್ಲಿ ಗಿರಣಿ ಇಟ್ಟುಕೊಳ್ಳುವುದಿಲ್ಲ. ಡಬ್ಬಿಯಲ್ಲಿ ರಾಗಿಯನ್ನೋ ಗೋಧಿಯನ್ನೋ ತುಂಬಿಕೊಂಡು ಬೀದಿ ಕೊನೆಯ ಗಿರಣಿಗೆ ಹೋಗುತ್ತಾರೆ, ಬೀಸಿದಷ್ಟಕ್ಕೆ ಕಾಸು ಕೊಟ್ಟು ಬರುತ್ತಾರೆ. ಗಿರಣಿಯ ಮೋಟಾರು ಎಷ್ಟು ಅಶ್ವಶಕ್ತಿಯದು ಎಂಬುದು ಅವರಿಗೆ ಬೇಡದ ವಿಚಾರ. ‘ಕ್ಲೌಡ್’ ಎಂಬ ಕಂಪ್ಯೂಟರ್ ವ್ಯವಸ್ಥೆಯ ಮೂಲ ತತ್ವವೂ ಇಷ್ಟೇ. ಹೆಸರು ಮೋಡದ್ದಾದರೂ ಅದು ಇರುವುದು ನೆಲದ ಮೇಲೆ, ಸಾವಿರಾರು ಕಂಪ್ಯೂಟರುಗಳನ್ನು ಸಾಲುಸಾಲಾಗಿ ಜೋಡಿಸಿಟ್ಟ, ಹಗಲಿರುಳೂ ತಂಪು ಮಾಡುತ್ತಿರಬೇಕಾದ ಭಾರೀ ಕಟ್ಟಡಗಳಲ್ಲಿ.

ಆಲೋಚನೆ ಹೊಸದೇನಲ್ಲ. 1961ರಲ್ಲಿ ಅಮೆರಿಕದ ಎಂ.ಐ.ಟಿ. ತನ್ನ ಶತಮಾನೋತ್ಸವ ಆಚರಿಸಿತು. ಆ ಸಂದರ್ಭದಲ್ಲಿ ಮಾತನಾಡಿದ ವಿಜ್ಞಾನಿ ಜಾನ್ ಮೆಕಾರ್ಥಿ, ಟೆಲಿಫೋನಿನಂತೆ ಗಣನಶಕ್ತಿಯೂ ಮುಂದೊಂದು ದಿನ ಸಾರ್ವಜನಿಕ ಸೇವೆಯಾಗಬಹುದು, ಬಳಸಿದಷ್ಟಕ್ಕೆ ಮಾತ್ರ ಹಣ ತೆತ್ತರೆ ಸಾಕು ಎಂದರು. ಕೋಣೆ ತುಂಬ ಹರಡಿಕೊಳ್ಳುವ ಯಂತ್ರಗಳ ಕಾಲ ಅದು. ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಒಪ್ಪಿಸಿ ಉತ್ತರಕ್ಕಾಗಿ ಗಂಟೆಗಟ್ಟಲೆ ಕಾಯಬೇಕಿತ್ತು. ಅದೇ ವರ್ಷದ ನವೆಂಬರಿನಲ್ಲಿ ಎಂ.ಐ.ಟಿ.ಯವರೇ ಆದ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಹೊಸದೊಂದು ಪ್ರಯೋಗ ತೋರಿಸಿದರು. ಒಂದೇ ಯಂತ್ರದ ಮುಂದೆ ಹಲವರು ಕುಳಿತರೆ, ಯಂತ್ರ ಒಬ್ಬೊಬ್ಬರಿಗೂ ಕ್ಷಣದ ಒಂದು ತುಣುಕು ಕೊಡುತ್ತಾ ಸುತ್ತು ಬರುತ್ತದೆ. ಮನುಷ್ಯ ಯೋಚಿಸುವುದು ನಿಧಾನ. ಅಷ್ಟರಲ್ಲಿ ಯಂತ್ರ ಉಳಿದವರ ಕೆಲಸ ಮುಗಿಸಿ ವಾಪಸು ಬಂದಿರುತ್ತದೆ. ಪ್ರತಿಯೊಬ್ಬರಿಗೂ ಯಂತ್ರ ತಮ್ಮೊಬ್ಬರದೇ ಎನ್ನುವ ಭ್ರಮೆ.

ಟೆಲಿಫೋನ್ ತಂತಿಯ ಮೂಲಕ ಕಂಪ್ಯೂಟರಿನ ಸಮಯವನ್ನು ಬಾಡಿಗೆಗೆ ಕೊಡುವ ಕಂಪೆನಿಗಳು ಹುಟ್ಟಿದವು. ಆದರೆ 1981ರಲ್ಲಿ ಐಬಿಎಂ ತನ್ನ ಪಿ.ಸಿ.ಯನ್ನು ಮಾರುಕಟ್ಟೆಗೆ ತಂದ ಮೇಲೆ, ಮೇಜಿನ ಮೇಲೇ ಯಂತ್ರವಿರುವಾಗ ಬಾಡಿಗೆಯ ಹಂಗೇಕೆ ಎಂಬಂತಾಯಿತು.

ಹಂಗು ಮತ್ತೆ ಬಂದದ್ದು ಇಂಟರ್‌ನೆಟ್ ಜೊತೆಗೆ. 1999ರಲ್ಲಿ ಆರಂಭವಾದ ಸೇಲ್ಸ್‌ಫೋರ್ಸ್, ತಂತ್ರಾಂಶವನ್ನು ಡಬ್ಬಿಯಲ್ಲಿಟ್ಟು ಮಾರುವ ಬದಲು ಚಂದಾ ಪಡೆದು ಬ್ರೌಸರಿನಲ್ಲೇ ಬಳಸಲು ಕೊಟ್ಟಿತು. ಗಿರಾಕಿಗೆ ಯಂತ್ರದ ಚಿಂತೆ ತಪ್ಪಿತು, ಸೇವೆ ಕೊಡುವವರಿಗೆ ಗಂಟುಬಿತ್ತು. ಎಷ್ಟು ಕಂಪ್ಯೂಟರು ಕೊಳ್ಳಬೇಕು? ಕಡಿಮೆ ಕೊಂಡರೆ ಹಬ್ಬದ ದಿನ ಕುಸಿತ. ಹೆಚ್ಚು ಕೊಂಡರೆ ವರ್ಷವಿಡೀ ದಂಡ.

ಈ ಗಂಟನ್ನು ಬಿಡಿಸಿದ್ದು ‘ವರ್ಚುವಲ್’ ಯಂತ್ರ. ಒಂದು ದೊಡ್ಡ ಕಂಪ್ಯೂಟರನ್ನು ತಂತ್ರಾಂಶದ ಗೋಡೆಗಳಿಂದ ಹಲವು ಕಂಪ್ಯೂಟರುಗಳಾಗಿ ವಿಂಗಡಿಸುವ ಉಪಾಯ ಅದು, ಒಂದೇ ವಠಾರದಲ್ಲಿ ಹತ್ತು ಸಂಸಾರ ಇದ್ದ ಹಾಗೆ. ಪುಸ್ತಕದಂಗಡಿಯಾಗಿ ಹೆಸರಾಗಿದ್ದ ಅಮೆಜಾನ್, 2006ರ ಆಗಸ್ಟಿನಲ್ಲಿ ಇಂಥ ಯಂತ್ರವನ್ನು ಗಂಟೆಗೆ 10 ಸೆಂಟ್ ದರದಲ್ಲಿ ಬಾಡಿಗೆಗೆ ಬಿಟ್ಟಿತು. ಇದನ್ನು ಕಟ್ಟಿದ ಸಣ್ಣ ತಂಡ ಇದ್ದದ್ದು ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನಲ್ಲಿ. ಕ್ರಿಸ್‌ಮಸ್ ವ್ಯಾಪಾರಕ್ಕೆಂದು ತಂದು ಮಿಕ್ಕಿದ ಯಂತ್ರಗಳನ್ನೇ ಬಾಡಿಗೆಗೆ ಬಿಟ್ಟರೆಂಬ ಕತೆ ಜನಪ್ರಿಯವಾಗಿದೆಯಾದರೂ, ಕಂಪೆನಿಯ ತಾಂತ್ರಿಕ ಮುಖ್ಯಸ್ಥ ವರ್ನರ್ ವೋಗೆಲ್ಸ್ ಅದನ್ನು ಅಲ್ಲಗಳೆದಿದ್ದಾರೆ. ಕತೆ ಚೆನ್ನಾಗಿರುವುದರಿಂದ ಸಾಯಲೊಲ್ಲದು.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಉದಾಹರಣೆಯಿದೆ. 2014ರ ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟ್ ‘ಬಿಗ್ ಬಿಲಿಯನ್ ಡೇ’ ಮಾರಾಟ ನಡೆಸಿತು. ಸುಮಾರು 5,000 ಸರ್ವರುಗಳನ್ನು ಅಣಿಗೊಳಿಸಲಾಗಿತ್ತು, ಮಾಮೂಲಿನ 20 ಪಟ್ಟು ಜನ ಬಂದರೂ ತಡೆಯುವ ಸಿದ್ಧತೆಯಿತ್ತು. ಬಂದವರು ಅದಕ್ಕೂ ಹೆಚ್ಚು. ತಾಣ ತತ್ತರಿಸಿತು, ಸ್ಥಾಪಕರಿಬ್ಬರೂ ಗ್ರಾಹಕರ ಕ್ಷಮೆ ಕೇಳಿದರು. 2017ರಲ್ಲಿ ಆ ಕಂಪೆನಿ ಮೈಕ್ರೊಸಾಫ್ಟ್‌ನ ಕ್ಲೌಡ್ ಬಳಸುವುದಾಗಿ ಪ್ರಕಟಿಸಿತು.

ಅಮೆರಿಕದ ನೆಟ್‌ಫ್ಲಿಕ್ಸ್ ಇನ್ನೂ ಮುಂಚೆಯೇ ಪೆಟ್ಟು ತಿಂದಿತ್ತು. 2008ರ ಆಗಸ್ಟಿನಲ್ಲಿ ಅದರ ಮಾಹಿತಿಕೋಶ ಕೆಟ್ಟು, ಮೂರು ದಿನ ಗ್ರಾಹಕರಿಗೆ ಡಿವಿಡಿ ಕಳಿಸಲಾಗಲಿಲ್ಲ. ಸ್ವಂತ ಯಂತ್ರಕೋಣೆಗಳ ಸಹವಾಸವೇ ಬೇಡವೆಂದು ಅದು ಅಮೆಜಾನಿನ ಬಾಡಿಗೆ ಯಂತ್ರಗಳತ್ತ ಹೊರಟಿತು. ಆ ಗುಳೆ ಮುಗಿದದ್ದು 2016ರ ಜನವರಿಯಲ್ಲಿ. ಈ ನಡುವೆ ಅದರ ಎಂಜಿನಿಯರುಗಳು ಒಂದು ವಿಚಿತ್ರ ತಂತ್ರಾಂಶ ಬರೆದು ‘ಕೇಯಾಸ್ ಮಂಕಿ’ ಎಂದು ಹೆಸರಿಟ್ಟರು. ಕೆಲಸದ ವೇಳೆಯಲ್ಲಿ, ನಡೆಯುತ್ತಿರುವ ಸರ್ವರುಗಳಲ್ಲಿ ಯಾವುದಾದರೊಂದನ್ನು ಆರಿಸಿಬಿಡುವುದೇ ಅದರ ಉದ್ಯೋಗ. ಅಕ್ಷರಶಃ ಕಪಿಚೇಷ್ಟೆ. ಆದರೆ ಈ ಚೇಷ್ಟೆ ಸಹಿಸಿಕೊಂಡ ವ್ಯವಸ್ಥೆ, ನಡುರಾತ್ರಿ ನಿಜವಾಗಿಯೇ ಯಂತ್ರ ಕೆಟ್ಟರೂ ನಿಲ್ಲುವುದಿಲ್ಲ. ಕ್ಲೌಡಿನ ಬಲ ಗಟ್ಟಿ ಯಂತ್ರದಲ್ಲಿಲ್ಲ. ಒಂದು ಸತ್ತರೆ ಇನ್ನೊಂದು ಎದ್ದು ನಿಲ್ಲುವ ಏರ್ಪಾಟಿನಲ್ಲಿದೆ.

ಕೃತಕ ಬುದ್ಧಿಮತ್ತೆ ಈ ಲೆಕ್ಕವನ್ನೇ ತಲೆಕೆಳಗು ಮಾಡಿತು. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ತಂಡ, ಹನ್ನೆರಡು ಲಕ್ಷ ಚಿತ್ರಗಳಿಂದ ವಸ್ತುಗಳನ್ನು ಗುರುತಿಸಲು ಕಂಪ್ಯೂಟರಿಗೆ ಕಲಿಸಿದಾಗ ಬಳಸಿದ್ದು ವಿಡಿಯೊ ಆಟಗಳಿಗೆಂದು ತಯಾರಾದ ಎರಡು ಚಿಪ್‌ಗಳನ್ನು. ಹಿಡಿದ ಸಮಯ ಐದಾರು ದಿನ. ಹನ್ನೆರಡು ವರ್ಷ ಕಳೆದು, 2024ರಲ್ಲಿ, ಫೇಸ್‌ಬುಕ್‌ನ ಒಡೆಯ ಮೆಟಾ ತನ್ನ ‘ಲಾಮಾ 3’ ಮಾದರಿಯ ತರಬೇತಿಯ ವಿವರ ಪ್ರಕಟಿಸಿತು. ಅಲ್ಲಿ ಚಿಪ್‌ಗಳು 16 ಸಾವಿರಕ್ಕೂ ಹೆಚ್ಚು. ಎಲ್ಲವೂ ಸೇರಿ ಮಾಡುತ್ತಿದ್ದುದು ಒಂದೇ ಕೆಲಸ.

ಕೊರ್ಬಾಟೊ ಒಂದು ಯಂತ್ರವನ್ನು ಹಲವರಿಗೆ ಹಂಚಿದ್ದರು. ಇಲ್ಲಿ ಹಂಚುವ ಮಾತೇ ಇಲ್ಲ, ಸಾವಿರಾರು ಯಂತ್ರಗಳನ್ನು ಹೊಲಿದು ಒಂದಾಗಿಸಬೇಕು. ನೆಟ್‌ಫ್ಲಿಕ್ಸಿನ ಕಪಿಗೆ ಇಲ್ಲಿ ಪ್ರವೇಶವಿಲ್ಲ. ಒಂದು ಚಿಪ್ ಕೈಕೊಟ್ಟರೂ ಇಡೀ ಕೆಲಸ ನಿಂತು, ಹಿಂದೆ ಉಳಿಸಿಟ್ಟ ಹಂತದಿಂದ ಮತ್ತೆ ಆರಂಭಿಸಬೇಕಾಗುತ್ತದೆ. ಮೆಟಾದ ವರದಿಯಂತೆ 54 ದಿನಗಳಲ್ಲಿ ಅನಿರೀಕ್ಷಿತ ಅಡಚಣೆಗಳು 419, ಅಂದರೆ ಹೆಚ್ಚುಕಡಿಮೆ ಮೂರು ಗಂಟೆಗೊಂದು. ಮಧ್ಯಾಹ್ನದ ಬಿಸಿಲೇರಿದಾಗ ಕೆಲಸದ ವೇಗ ಶೇಕಡ 1ರಿಂದ 2ರಷ್ಟು ಏರುಪೇರಾಗುತ್ತಿತ್ತೆಂಬುದೂ ಅದರಲ್ಲಿದೆ.

ಈ ಚಿಪ್ ಒಂದೊಂದೂ 700 ವಾಟ್‌ವರೆಗೆ ವಿದ್ಯುತ್ ಎಳೆಯಬಲ್ಲದು. ಅಡುಗೆಮನೆಯ ಮಿಕ್ಸಿ ಎಳೆಯುವುದೂ ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸವೆಂದರೆ ಮಿಕ್ಸಿ ಚಟ್ನಿಯಾದ ಮೇಲೆ ನಿಲ್ಲುತ್ತದೆ, ಇದು ತಿಂಗಳುಗಟ್ಟಲೆ ತಿರುಗುತ್ತದೆ. ಹದಿನಾರು ಸಾವಿರ ಚಿಪ್‌ಗಳಿಗೇ 11 ಮೆಗಾವಾಟ್ ಬೇಕಾಯಿತು, ತಂಪು ಮಾಡುವ ಖರ್ಚು ಬೇರೆ. ಹೀಗಾಗಿ ಎಂಜಿನಿಯರುಗಳಿಗೆ ಸರ್ವರು ಹುಡುಕುವುದಕ್ಕಿಂತ ವಿದ್ಯುತ್ ಹುಡುಕುವುದೇ ದೊಡ್ಡ ಕೆಲಸವಾಗಿದೆ. ಅಮೆರಿಕದ ಪೆನ್ಸಿಲ್ವೇನಿಯದಲ್ಲಿರುವ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದ ಒಂದು ಘಟಕ 1979ರ ಅಪಘಾತದಲ್ಲಿ ಹಾಳಾಗಿತ್ತು. ಇನ್ನೊಂದು ಘಟಕ ದಶಕಗಳ ಕಾಲ ನಡೆದು, ಖರ್ಚು ಗಿಟ್ಟದೆ 2019ರಲ್ಲಿ ಬಾಗಿಲು ಮುಚ್ಚಿತು. 2024ರ ಸೆಪ್ಟೆಂಬರಿನಲ್ಲಿ ಅದರ ಒಡೆಯರಾದ ಕಾನ್‌ಸ್ಟೆಲೇಶನ್ ಕಂಪೆನಿಯವರು ಈ ಘಟಕವನ್ನು ಮತ್ತೆ ಚಾಲೂ ಮಾಡುವುದಾಗಿ ಪ್ರಕಟಿಸಿದರು. ಸುಮಾರು 835 ಮೆಗಾವಾಟ್ ಸಾಮರ್ಥ್ಯದ ಆ ಘಟಕದ ವಿದ್ಯುತ್ತನ್ನು 20 ವರ್ಷ ಕೊಳ್ಳಲು ಕರಾರು ಮಾಡಿಕೊಂಡಿದ್ದು ಮೈಕ್ರೊಸಾಫ್ಟ್.